ಕೊಡಿಸಿದ ಪಾಲಕತ್ವವನ್ನು ತಾವೇ ಬಿಡಿಸಿದ ವಕೀಲರು

ಗೋಕಾಕದ ಕೋರ್ಟಿನಲ್ಲಿ ಮೂವತ್ತೆಂಟು ವರ್ಷ ವಕೀಲಿ ಮಾಡಿ, ಈ ವರ್ಷ, ಅಂದರೆ ೧೯೪೬ರಲ್ಲಿ, ನಿವೃತ್ತರಾದ ಶ್ರೀ ರಾಜಪ್ಪ ಅಂಕಲಗಿಯವರು ನಮ್ಮ ಸೀಮೆಯ ನ್ಯಾಯವಾದಿಗಳಲ್ಲಿ ಹಿರಿಯರು. ೧೯೦೮ರಲ್ಲಿ ಸನದು ಪಡೆದು ಬಂದಾಗ ಅವರಿಗೆ ಸಿಕ್ಕವು ಬದುವಿನ ತಂಟೆ, ಕಾಲುವೆಯ ನೀರಿನ ಜಗಳಗಳಂಥ ಸಣ್ಣ ಕೆಲಸಗಳೇ. ಗೆದ್ದವ ಸೋತ, ಸೋತವ ಸತ್ತ ಎಂದು ಜನ ಕೋರ್ಟಿಗೆ ಹೆದರುತ್ತಿದ್ದ ಆ ಕಾಲದಲ್ಲಿ, ಎಷ್ಟೋ ದಾವೆಗಳನ್ನು ತಮ್ಮ ಮನೆಯ ಕಟ್ಟೆಯ ಮೇಲೆಯೇ ಬಗೆಹರಿಸಿ ಕಕ್ಷಿದಾರರನ್ನು ಊಟ ಮಾಡಿಸಿ ಕಳಿಸಿದವರು ಅವರು. ಅವರ ವಾದವೈಖರಿಯನ್ನು ಈ ಅಭಿನಂದನ ಸಂಪುಟದಲ್ಲಿ ಬೇರೆಯವರು ಬರೆಯುತ್ತಾರೆ. ಇಲ್ಲಿ ಹೇಳುವುದು ಮೂಡಲಗಿಯ ತಾರಾಬಾಯಿಯವರ ಕತೆ. ಅವರೇ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯಲಾಗಿದೆ.

ತಾರಾಬಾಯಿಯವರು ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ತಮ್ಮ ಜಿನಪ್ಪನವರು ಬೆಲ್ಲ, ಶೇಂಗಾದ ವ್ಯಾಪಾರಿ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ೧೯೩೧ರ ಸುಗ್ಗಿಯಲ್ಲಿ ಘಟಪ್ರಭಾ ಸ್ಟೇಷನ್ನಿಗೆ ಬೆಲ್ಲ ಹಾಕಿ ಮರಳುವಾಗ ಎತ್ತು ಬೆದರಿ ಚಕ್ಕಡಿ ಮಗುಚಿತು. ಜಿನಪ್ಪನವರ ತಲೆ ಕಲ್ಲಿಗೆ ಬಡಿಯಿತು. ಮಿರಜಿನ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಜೀವ ಉಳಿಸಿದರು. ಆದರೆ ಮನೆಗೆ ಬಂದ ಜಿನಪ್ಪನವರಿಗೆ ಮಾತಿರಲಿಲ್ಲ, ಹಗಲು ಯಾವುದು ಇರುಳು ಯಾವುದು ಎಂಬ ಅರಿವಿರಲಿಲ್ಲ. ಊಟ ಮಾಡಿಸುವುದರಿಂದ ಹಿಡಿದು ಧೋತರ ಉಡಿಸುವವರೆಗೆ ಎಲ್ಲವನ್ನೂ ಅಕ್ಕನೇ ಮಾಡಬೇಕಾಯಿತು.

ಆಗ ದಾಯಾದಿ ಭರತೇಶ ದಿನವೂ ಬರತೊಡಗಿದ. ಮೊದಮೊದಲು ಎಳನೀರು ತಂದ, ಆಮೇಲೊಂದು ದಿನ ಕಾಗದ ತಂದ. ಜಿನಪ್ಪನವರ ತೋಟದ ಪಟ್ಟಿ ಜಮೀನನ್ನು ತನ್ನ ಹೆಸರಿಗೆ ಬರೆದ ಕಾಗದ ಅದು. ತಾರಾಬಾಯಿಯವರು ಅಡಿಗೆಮನೆಯಿಂದ ಹೊರಬರುವಷ್ಟರಲ್ಲಿ ಅವನು ಜಿನಪ್ಪನವರ ಹೆಬ್ಬೆರಳಿಗೆ ಮಸಿ ಹಚ್ಚಿದ್ದ. ಅವರು ಅದೇ ಕೈಯನ್ನು ಎಳೆದು ತಮ್ಮ ಸೆರಗಿನಿಂದ ಒರೆಸಿದರು.

"ಇವತ್ತ ಒರಸಿದಿ. ದಿನಾ ಕಾವಲಾ ಕೂಡ್ತಿ ಏನ?" ಎಂದು ನಕ್ಕು ಭರತೇಶ ಹೋದ.

ಮರುದಿನವೇ ತಾರಾಬಾಯಿಯವರು ವಕೀಲರನ್ನು ಹುಡುಕಿಕೊಂಡು ತಮ್ಮ ಗಂಡನ ಮನೆಯವರಿದ್ದ ಹುಕ್ಕೇರಿಗೆ ಹೋದರು. ಅಲ್ಲೊಬ್ಬ ವಕೀಲರು ಎಲ್ಲವನ್ನೂ ಕೇಳಿ, ಇದೇನು ಮಹಾ ಎಂಬಂತೆ, "ನಿಮ್ಮ ಹೆಸರಿಗೆ ಮುಖತ್ಯಾರ ಪತ್ರ ಬರಕೊಡ್ತೇನಿ. ಅಂವನ ಹೆಬ್ಬಟ್ಟ ಒತ್ತಿಸಿಕೊಂಡ ಬರ್ರಿ, ಆತು" ಎಂದರು. ಹಿಂದಿರುಗುವ ಹಾದಿಯುದ್ದಕ್ಕೂ ತಾರಾಬಾಯಿಯವರಿಗೆ ಒಂದೇ ಚಿಂತೆ. ಭರತೇಶ ಮಾಡಹೊರಟಿದ್ದೂ ಇದನ್ನೇ ಅಲ್ಲವೇ? ಅವನು ಹಿಡಿದರೆ ಅನ್ಯಾಯವಾಗುವ ಹೆಬ್ಬೆರಳು ತಾವು ಹಿಡಿದರೆ ನ್ಯಾಯವಾಗುವುದು ಹೇಗೆ? ಆ ಕಾಗದ ಅವರಿಗೆ ಒಗ್ಗಲಿಲ್ಲ. ಯಾರೋ ಹೇಳಿದರೆಂದು ಗೋಕಾಕಕ್ಕೆ ಬಂದು ರಾಜಪ್ಪನವರ ಕಟ್ಟೆಯ ಮೇಲೆ ಕುಳಿತರು.

ರಾಜಪ್ಪನವರು ನಡುವೆ ಬಾಯಿ ಹಾಕದೆ ಕೇಳಿದರು. "ಬುದ್ಧಿ ನೆಟ್ಟಗಿಲ್ಲದವ್ರ ಹೆಬ್ಬಟ್ಟಿಗೆ ಕಾಯದೇದಾಗ ಕಿಮ್ಮತ್ತಿಲ್ರಿ, ತಾಯಿ. ಭರತೇಶ ಒತ್ತಿಸಿದ್ರೂ ಇಲ್ಲ, ನೀವು ಒತ್ತಿಸಿದ್ರೂ ಇಲ್ಲ. ಬೆಳಗಾವಿ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಿ, ನಿಮ್ಮನ್ನ ಪಾಲಕರು ಅಂತ ನೇಮಿಸಾಕ ಕೇಳಬೇಕು" ಎಂದರು. ಅನಂತರ, "ಅವರನ್ನ ನೋಡದ ನಾ ಅರ್ಜಿ ಬರ್ಯಾಂಗಿಲ್ಲ. ರವಿವಾರ ಬರ್ತೇನಿ" ಎಂದು ಸೇರಿಸಿದರು.

ಹೇಳಿದಂತೆ ಬಂದರು. ಜಿನಪ್ಪನವರ ಎದುರು ಚಾಪೆಯ ಮೇಲೆ ಕುಳಿತು ಕೈಮುಗಿದು, "ಜಿನಪ್ಪಾರ, ನಾ ಗೋಕಾಕದ ವಕೀಲ. ನಿಮ್ಮ ಅಕ್ಕಾರು ನಿಮ್ಮ ಸಲುವಾಗಿ ಕೋರ್ಟಿಗೆ ಹೋಗಾಕತ್ತಾರ. ನಿಮಗ ತಿಳಿಸಿ ಮಾಡಬೇಕು ಅಂತ ಬಂದೇನಿ" ಎಂದರು. ಜಗುಲಿಯಲ್ಲಿದ್ದ ಭರತೇಶ, "ಕಂಬಕ್ಕ ಹೇಳಿದಂಗ ಆತು" ಎಂದ. ರಾಜಪ್ಪನವರು ಅತ್ತ ತಿರುಗಲಿಲ್ಲ. ಅರ್ಜಿಯಲ್ಲಿ ಏನು ಬರೆಯುವೆನೆಂಬುದನ್ನು ಜಿನಪ್ಪನವರಿಗೆ ಸಾವಕಾಶವಾಗಿ ಪೂರ್ತಿ ಹೇಳಿದರು. ಅಪಘಾತವಾದಂದಿನಿಂದ ತಮ್ಮನೊಡನೆ ಯಾರೂ ಹಾಗೆ ಮಾತಾಡಿರಲಿಲ್ಲ. ತಾರಾಬಾಯಿಯವರು ಅಲ್ಲಿ ನಿಲ್ಲಲಾಗದೆ ಒಳಗೆ ಹೋಗಿ ಅತ್ತರು.

ದಾರಿ ಸುಲಭದ್ದಾಗಿರಲಿಲ್ಲ. ಆಸ್ತಿಗೆ ನಾಳೆ ವಾರಸುದಾರರಾಗಬಹುದಾದವರ ಕೈಗೆ ರೋಗಿಯನ್ನು ಒಪ್ಪಿಸಲು ಕೋರ್ಟು ಹಿಂಜರಿಯುತ್ತದೆ. ಅಕ್ಕನೂ ಅಂಥವರಲ್ಲೊಬ್ಬಳೆಂದು ಭರತೇಶನ ವಕೀಲರು ಬಲವಾಗಿ ವಾದಿಸಿದರು. ರಾಜಪ್ಪನವರು ದಾಖಲೆಗಳ ಜೊತೆಗೆ ನೆರೆಮನೆಯ ಕೆಂಚವ್ವನನ್ನು ಸಾಕ್ಷಿಗೆ ಕರೆಸಿದರು. "ಯಾರು ನೋಡಿಕೊಳ್ತಾರ?" ಎಂದು ಕೇಳಿದಾಗ ಆಕೆ, "ಅಂವ ಉಂಡ ಮ್ಯಾಲ ಈಕಿ ಉಣ್ತಾಳ್ರಿ. ಹೊತ್ತ ಮುಳುಗೂದರೊಳಗ ಅಂವ ಉಣ್ಣಲಿಲ್ಲಂದ್ರ ಈಕೀದು ಉಪಾಸ" ಎಂದಳು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರ ಮನೆಯ ನೇಮವನ್ನು ಬಲ್ಲವರಿಗೆ ಆ ಮಾತಿನ ತೂಕ ತಿಳಿದೀತು. ನ್ಯಾಯಾಧೀಶರು ತಾರಾಬಾಯಿಯವರನ್ನೇ ತಮ್ಮನ ಪಾಲಕರನ್ನಾಗಿಯೂ ಆಸ್ತಿಯ ವ್ಯವಸ್ಥಾಪಕರನ್ನಾಗಿಯೂ ನೇಮಿಸಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ರಾಜಪ್ಪನವರು ಒಳ್ಳೆಯ ವಕೀಲರೆಂದಷ್ಟೇ ಬರೆದು ನಿಲ್ಲಿಸಬಹುದಿತ್ತು.

ವರ್ಷಗಳು ಕಳೆದಂತೆ ಜಿನಪ್ಪನವರ ನಾಲಿಗೆ ಸಡಿಲಾಯಿತು. ಮೊದಲು ಒಂದೊಂದೇ ಶಬ್ದ, ಆಮೇಲೆ ತಡೆತಡೆದು ಮಾತು. ಬೆಲ್ಲದ ಪೆಂಟೆ, ಅಂದರೆ ಅಚ್ಚು, ಮುಟ್ಟಿ ಅದರ ದರ್ಜೆ ಹೇಳುವ ಜಾಣ್ಮೆಯೂ ಮರಳಿತು. ೧೯೩೬ರಲ್ಲಿ, ಕೋರ್ಟಿಗೆ ಒಪ್ಪಿಸಬೇಕಾದ ವಾರ್ಷಿಕ ವರದಿಗಾಗಿ ತಾರಾಬಾಯಿಯವರು ತಮ್ಮನನ್ನೂ ಕರೆದುಕೊಂಡು ಗೋಕಾಕಕ್ಕೆ ಬಂದಾಗ, ರಾಜಪ್ಪನವರು ಜಿನಪ್ಪನವರೊಡನೆ ಬಹಳ ಹೊತ್ತು ಮಾತಾಡಿದರು. ಬಳಿಕ ತಾರಾಬಾಯಿಯವರನ್ನು ಒಳಗೆ ಕರೆದು ಹೇಳಿದರು:

"ಇನ್ನ ಇವರಿಗೆ ಪಾಲಕರು ಬ್ಯಾಡ್ರಿ. ಕೋರ್ಟಿಗೆ ಹೇಳಿ ಬಿಡಿಸೂಣು."

ತಾರಾಬಾಯಿಯವರ ಮುಖ ಬಿಗಿಯಿತು. "ಭರತೇಶ ಕಾದ ಕುಂತಾನ್ರಿ. ನಾಳೆ ಮತ್ತ ಕಾಗದ ತಂದ್ರ?"

"ತಂದ್ರ ಜಿನಪ್ಪಾರ ಹೌದು ಅನಬೇಕು, ಇಲ್ಲಾ ಅಲ್ಲ ಅನಬೇಕು. ಅದು ಅವರ ಹಕ್ಕು."

"ನಾ ನಿಮ್ಮನ್ನ ವಕೀಲರಂತ ಹಿಡದದ್ದು ನನ್ನ ಸಲುವಾಗಿ ನಿಲ್ಲಾಕ."

"ವಕಾಲತ್ತು ನೀವ ಕೊಟ್ರಿ, ಖರೆ. ಆದ್ರ ನೀವೂ ನಾನೂ ಕೂಡಿ ನಿಂತದ್ದು ಅವರ ಸಲುವಾಗಿ" ಎಂದರು ರಾಜಪ್ಪನವರು. "ನಿಮ್ಮ ವಿರುದ್ಧ ನಾ ನಿಲ್ಲಾಂಗಿಲ್ಲ. ಆದ್ರ ಅವರಿಗೆ ಇನ್ನೂ ಬುದ್ಧಿ ಬಂದಿಲ್ಲ ಅಂತ ನನ್ನ ಕೈಲೆ ಬರ್ಯಾಕ ಆಗೂದಿಲ್ಲ."

ತಾರಾಬಾಯಿಯವರು ಸಿಟ್ಟಿನಿಂದ ಎದ್ದು ಹೋದರು. ಭರತೇಶನ ಭಯವೊಂದೇ ಅಲ್ಲ, ಅದನ್ನವರು ಮುಚ್ಚಿಡುವುದಿಲ್ಲ. ತವರಿನ ಮೂಲೆಯಲ್ಲಿ ಕುಳಿತಿದ್ದ ವಿಧವೆ ಈ ನಾಲ್ಕು ವರ್ಷ ಮನೆಯ ಯಜಮಾನಿಯಾಗಿದ್ದರು. ರೈತರು ಅವರ ಮಾತಿಗಾಗಿ ಕಾಯುತ್ತಿದ್ದರು. ಅದೆಲ್ಲವನ್ನೂ ಬಿಟ್ಟುಕೊಟ್ಟು ಮತ್ತೆ ಯಾವ ಮೂಲೆಗೆ ಹೋಗುವುದು? ಹುಕ್ಕೇರಿಯ ಆ ಹಳೆಯ ವಕೀಲರಲ್ಲಿಗೆ ಹೋದರು. ಅವರು, "ನಿಮ್ಮ ತಮ್ಮಗ ಇನ್ನೂ ಭ್ರಮಿ ಐತಿ ಅಂತ ಸಾಬೀತ ಮಾಡೂಣು, ಅದಕ್ಕೇನ್ರಿ" ಎಂದು ಸಂತೋಷದಿಂದಲೇ ಒಪ್ಪಿದರು. ಕೆಲಸವಾಯಿತೆಂದು ತಾರಾಬಾಯಿಯವರು ಮನೆಗೆ ಬಂದರು. ಆದರೆ ತಮ್ಮನಿಗೆ ಹುಚ್ಚು ಎನ್ನುವ ಆ "ಭ್ರಮಿ" ಎಂಬ ಮಾತು ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಅದೇ ವಾರ ಕೇದಾರಿ ಎಂಬ ರೈತ ಬೆಲ್ಲ ತಂದ. ಜಿನಪ್ಪನವರು ಪೆಂಟೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. "ಹೆಂಗೈತ್ರಿ ಸಾವಕಾರ್ರ?" ಎಂದು ಕೇದಾರಿ ಕೇಳಿದ. ಉತ್ತರ ಅವರ ಮುಖದ ಮೇಲೇ ಇತ್ತು. ಆದರೂ ಅದನ್ನು ಹೇಳದೆ ಅಕ್ಕನ ಕಡೆ ತಿರುಗಿ, ಶಾಲೆಯ ಹುಡುಗನಂತೆ ಅಳುಕುತ್ತ, "ಹೇಳ್ಲೇನಕ್ಕಾ?" ಎಂದರು.

"ಆ ಕಣ್ಣಾಗ ನನ್ನ ಅಂಜಿಕಿ ಕಂಡೆ. ಭರತೇಶಗ ಅಂಜಿದ್ದಲ್ಲ, ನನಗ ಅಂಜಿದ್ದು" ಎಂದು ತಾರಾಬಾಯಿಯವರು ಇಂದಿಗೂ ಹೇಳುತ್ತಾರೆ.

ಅವರು ಮರಳಿ ಗೋಕಾಕಕ್ಕೆ ಬಂದರು. ರಾಜಪ್ಪನವರು ಅಂದಿನ ಸಿಟ್ಟಿನ ಮಾತೆತ್ತಲಿಲ್ಲ, ತಾವೇ ಗೆದ್ದೆವೆಂಬ ಭಾವವನ್ನೂ ತೋರಲಿಲ್ಲ. "ಕೂಡ್ರಿ ತಾಯಿ, ಬಿಸಲಾಗ ಬಂದೀರಿ" ಎಂದು ನೀರು ತರಿಸಿದರು. ಅರ್ಜಿ ತಾರಾಬಾಯಿಯವರ ಹೆಸರಿನಲ್ಲಿಯೇ ಹೋಯಿತು. ಬೆಳಗಾವಿಯಲ್ಲಿ ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ಜಿನಪ್ಪನವರು ತಡವರಿಸಿದರೂ ಸರಿಯಾಗಿ ಉತ್ತರಿಸಿದರು. ಪಾಲಕತ್ವ ರದ್ದಾಯಿತು. ಅಂದು ಮರಳುವಾಗ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೊಡನೆ ಜಿನಪ್ಪನವರು ಏನನ್ನೂ ಹೇಳದೆ ಗದ್ದಲದಲ್ಲಿ ಮರೆಯಾದರು. ತಾರಾಬಾಯಿಯವರ ಜೀವ ಹಾರಿತು. ಕೂಗಬೇಕೆಂದು ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ತಮ್ಮ ಬಂದರು. ಮೂಡಲಗಿಗೆ ಚಕ್ಕಡಿ ಗೊತ್ತು ಮಾಡಿದ್ದರು, ಅಕ್ಕನಿಗೆಂದು ಪೇರಲ ಹಣ್ಣು ಕೊಂಡಿದ್ದರು.

ಭರತೇಶ ಮತ್ತೆ ಕಾಗದ ತಂದದ್ದೂ ಉಂಟು. "ಇಟ್ಟ ಹೋಗು. ಅಕ್ಕನ ಕೇಳ್ತೇನಿ, ರಾಜಪ್ಪಾರ್ನ ಕೇಳ್ತೇನಿ, ಆಮ್ಯಾಲ ನನ್ನ ಮನಸ್ಸಿಗೆ ಬಂದಂಗ ಮಾಡ್ತೇನಿ" ಎಂದರು ಜಿನಪ್ಪನವರು. ಅವನು ಇಟ್ಟು ಹೋಗಲಿಲ್ಲ, ಮತ್ತೆ ಬರಲೂ ಇಲ್ಲ. ತಾರಾಬಾಯಿಯವರು ಯಾವ ಮೂಲೆಗೂ ಹೋಗಲಿಲ್ಲ. ಅಕ್ಕ ತಮ್ಮ ಕೂಡಿಯೇ ಇಂದಿಗೂ ವ್ಯಾಪಾರ ನಡೆಸುತ್ತಿದ್ದಾರೆ.

ನಿರ್ಬಲರಿಗೆ ರಕ್ಷಣೆ ಕೊಡಿಸುವ ವಕೀಲರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ರಕ್ಷಣೆಯೇ ಬಂಧನವಾಗತೊಡಗಿದ ಗಳಿಗೆಯನ್ನು ಗುರುತಿಸಿ, ಅದನ್ನು ಕಟ್ಟಿದ ಕೈಯಿಂದಲೇ ಬಿಚ್ಚುವವರು ಅಪರೂಪ. ರಾಜಪ್ಪನವರು ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರೂ ಕಟ್ಟೆಯ ಮೇಲೆ ಕುಳಿತವರ ಅಹವಾಲು ಕೇಳುವುದನ್ನು ಬಿಟ್ಟಿಲ್ಲ, ಬಿಡಲೂಬಾರದು.

ಈ ಲೇಖನವನ್ನು ಓದಿ ಹೇಳಿದಾಗ ತಾರಾಬಾಯಿಯವರು, "ನನ್ನ ಆಯುಷ್ಯಾನೂ ಅವರಿಗೇ ಇರ್ಲಿ ಅಂತ ಬರೀರಿ" ಎಂದರು. ಪಕ್ಕದಲ್ಲಿದ್ದ ಜಿನಪ್ಪನವರು ಕೂಡಲೇ ತಡೆದರು: "ಬ್ಯಾಡ್ರಿ. ಆಕಿ ಆಯುಷ್ಯ ನನಗ ಬೇಕು. ರಾಜಪ್ಪಾರಿಗೆ ಅವರದ ನೂರು ವರ್ಷ ಇರ್ಲಿ ಅಂತ ಬರೀರಿ."

ಹಾಗೆಯೇ ಬರೆದಿದ್ದೇವೆ.