ಅಂಗಡಿಯಲ್ಲಿ ಸಿಗದ ಜಪಾನಿ ಹಾಡು

“ಚಾಚಾ, ಟಿವಿಯಾಗ ಬರೂ ಜಪಾನಿ ಕಾರ್ಟೂನಿನ ಹಾಡಿನ ಕ್ಯಾಸೆಟ್ ಐತೇನ್ರಿ?”

ರಾಮದುರ್ಗದ ಕ್ಯಾಸೆಟ್ ಅಂಗಡಿಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಹೀಗೆ ಕೇಳಿದಾಗ ಅಲ್ಲಿದ್ದ ನಾವೆಲ್ಲ ನಕ್ಕೆವು. ಎರಡು ಸಾವಿರದ ಇಸವಿ ದಾಟಿದ ಹೊಸತು. “ಬೆಳಗಾವಿಗೆ ಹೋದ್ರೂ ಸಿಗಂಗಿಲ್ಲವಾ,” ಎಂದರು ಅಂಗಡಿಯ ಚಾಚಾ.

ಹುಡುಗಿ ಚೀಲದಿಂದ ಖಾಲಿ ಕ್ಯಾಸೆಟ್ ತೆಗೆದಳು. “ಹಂಗಾರ ನಾನ ಹಾಡತೇನಿ, ತುಂಬಿಸಿ ಕೊಡ್ರಿ. ನಮ್ಮ ತಂಗಿದು ಕಣ್ಣಿನ ಆಪರೇಷನ್ ಆಗೇತಿ, ಟಿವಿ ನೋಡಬಾರದಂತ. ಆ ಹಾಡ ಬೇಕಂತ ಅಳಾಕ ಹತ್ಯಾಳ.”

ನಮ್ಮ ನಗು ನಿಂತಿತು. ಚಾಚಾ ಬಾಗಿಲು ಮುಂದೆ ಮಾಡಿ, ಮೈಕ್ ಜೋಡಿಸಿ ಕೊಟ್ಟರು. ಒಂದು ಪದದ ಅರ್ಥವೂ ಗೊತ್ತಿರದ ಆ ಹಾಡನ್ನು ಅವಳು ಕಣ್ಣು ಮುಚ್ಚಿ ಹಾಡತೊಡಗಿದಳು. ನಡುವೆ ಬಸ್ಸಿನ ಹಾರ್ನ್ ಕಿರುಚಿತು. “ಮೊದಲಿಂದ ಹಾಡತೇನ್ರಿ,” ಎಂದಳು. ಆಮೇಲೆ ಅವಳಿಗೇ ಕೆಮ್ಮು ಬಂತು. ನೀರು ಕುಡಿದು ಮತ್ತೆ ಮೊದಲಿನಿಂದ ಹಿಡಿದಳು. ಹಾಡು ಪೂರ್ತಿ ತುಂಬಿದ ಮೇಲೆಯೇ ಅಂಗಡಿ ಬಿಟ್ಟು ಹೊರಟಳು.

ನಾನು ಕಲಿಸುವ ಸಾಲಹಳ್ಳಿಯ ಶಾಲೆಯಲ್ಲಿ ಹಾರ್ಮೋನಿಯಂ ಇಲ್ಲವೆಂದು ಹಾಡಿನ ತರಗತಿ ನಿಂತುಹೋಗಿತ್ತು. ಮರುದಿನ ಮಕ್ಕಳನ್ನು ಅಂಗಳದಲ್ಲಿ ಕೂರಿಸಿಕೊಂಡು, ಬರಿಗಂಟಲಿನಲ್ಲೇ ಶುರುಮಾಡಿದೆ.