ದಮರೇತಳ ಮರದ ಕಂಬ

ನಮ್ಮ ಗ್ರೀಕ್ ಊರಿನ ಹೆರಾ ದೇವಿಯ ಗುಡಿಯ ಹಿಂಬದಿಯ ಸಾಲಿನಲ್ಲಿ ಒಂದೇ ಒಂದು ಮರದ ಕಂಬ ಉಳಿದಿತ್ತು. ಮಿಕ್ಕವೆಲ್ಲ ಯಾವಾಗಲೋ ಕಲ್ಲಾಗಿದ್ದವು. ಮರದ್ದೊಂದು ಕೊಳೆತಾಗ ಊರಿನ ಯಾವುದಾದರೂ ಮನೆತನ ಅದರ ಜಾಗಕ್ಕೆ ಕಲ್ಲಿನದನ್ನು ನಿಲ್ಲಿಸುವುದು ನಮ್ಮಲ್ಲಿ ನಡೆದುಬಂದದ್ದು. ಒಂದೊಂದು ತಲೆಮಾರಿನವರು ತಮ್ಮ ತಮ್ಮ ಕಾಲದ ಷೋಕಿಗೆ ತಕ್ಕಂತೆ ಕೆತ್ತಿಸಿದರು. ಹಾಗಾಗಿ ಯಾವೆರಡು ಕಂಬವೂ ಒಂದೇ ಥರ ಇಲ್ಲ. ಹಳೆಯವುಗಳ ತಲೆ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿದ ಹಾಗೆ ಅಗಲ, ಚಪ್ಪಟೆ. ಹೊಸವುಗಳದು ನೆಟ್ಟಗೆ, ಬಿಗುಮಾನದ್ದು. ಮೈಮೇಲೆ ಉದ್ದಕ್ಕೆ ಕೊರೆದ ಗೀರುಗಳು ಕೆಲವಕ್ಕೆ ಆಳ, ಕೆಲವಕ್ಕೆ ತೆಳು. ಪರವೂರಿನವರು ನೋಡಿ ನಗುತ್ತಾರೆ. ನಗಲಿ. ಅವರ ಗುಡಿಗಳಲ್ಲಿ ಯಾವ ಕಂಬ ಯಾರ ಮನೆಯದೆಂದು ಅವರಿಗೇ ತಿಳಿಯದು.

ಆ ಮರದ ಕಂಬ ದಮರೇತಳ ಮನೆಯದು. ಅವಳ ಮುತ್ತಜ್ಜನ ಅಜ್ಜನೋ ಯಾರೋ ಬೆಟ್ಟದ ಓಕ್ ಮರ ಕಡಿಸಿ ನಿಲ್ಲಿಸಿದ್ದು. ಯಾರ ಮನೆಯ ಕಂಬವೋ ಆ ಮನೆಯ ಹೆಣ್ಣು ಅದಕ್ಕೆ ಆಲಿವ್ ಎಣ್ಣೆಯ ಗಸಿ ಹಚ್ಚಿ ಕಾಪಾಡಬೇಕು. ಕಲ್ಲಿಗೆ ಎಣ್ಣೆ ಬೇಡವಲ್ಲ, ಬೇರೆ ಮನೆಯ ಹೆಣ್ಣುಗಳೆಲ್ಲ ಒಬ್ಬೊಬ್ಬರಾಗಿ ಕೈ ತೊಳೆದುಕೊಂಡರು. ದಮರೇತ ಮಾತ್ರ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಹಿಡಿದ ಬಟ್ಟೆಯನ್ನು, ಮತ್ತೆ ಹಲ್ಲು ಬೀಳುವ ವಯಸ್ಸಾದರೂ ಕೆಳಗಿಟ್ಟಿರಲಿಲ್ಲ.

ಅವಳಿಗೂ ಒಬ್ಬ ಗಂಡನಿದ್ದ, ಮೋಲೋನ್ ಅಂತ. ಈಜಿಪ್ಟಿನ ರಾಜನಿಗೆ ಬಾಡಿಗೆ ಈಟಿಗಾರನಾಗಿ ಹಡಗು ಹತ್ತುವಾಗ, "ದ್ರಾಕ್ಷಿ ಕೊಯ್ಲಿಗೆ ಬಂದ್ಬಿಡ್ತೀನಿ" ಎಂದಿದ್ದ. ಯಾವ ವರ್ಷದ ಕೊಯ್ಲು ಅಂತ ಹೇಳಲಿಲ್ಲ, ಪುಣ್ಯಾತ್ಮ. ಮಕ್ಕಳಿರಲಿಲ್ಲ. ಒಲೆಯ ಪಕ್ಕದಲ್ಲಿ ಎರಡು ಓಕ್ ಪೀಠಗಳಿದ್ದವು. ಒಂದರಲ್ಲಿ ಅವಳು ಕೂತು ಬಾರ್ಲಿ ಗಂಜಿ ಕುಡಿಯುವಳು, ಇನ್ನೊಂದರ ಧೂಳು ಒರೆಸುವಳು. ಬುಗ್ಗೆಯ ಹತ್ತಿರ ನೀರಿಗೆ ಬಂದ ಹೆಂಗಸರು, "ಚೆನ್ನಾಗಿದೀಯಾ ದಮರೇತಕ್ಕ?" ಎಂದು ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಬಿಂದಿಗೆ ಎತ್ತಿಕೊಂಡು ಹೋಗಿರುತ್ತಿದ್ದರು. ಉತ್ತರವನ್ನು ಅವಳು ಕಂಬಕ್ಕೆ ಹೇಳುತ್ತಿದ್ದಳು. ಮೊಣಕಾಲು ನೋವು, ಪಕ್ಕದ ಮನೆಯ ಮೇಕೆ, ಕನಸಿನಲ್ಲಿ ಬಂದ ಅವ್ವ, ಎಲ್ಲ.

ಆ ಚಳಿಗಾಲದ ಕೊನೆಗೆ ಸೂರಿನಂಚಿನ ಸಿಂಹದ ತಲೆಯೊಂದು, ಮಳೆನೀರು ಉಗುಳುವ ಮಣ್ಣಿನ ತಲೆ, ಸರಿಯಾಗಿ ಮರದ ಕಂಬದ ಮುಂದೆಯೇ ಬಿದ್ದು ಚೂರಾಯಿತು. ಊರ ಹಿರಿಯರು ಕಂಬದ ಮೇಲೆಯೇ ಅನುಮಾನಪಟ್ಟರು. ಎಣ್ಣೆ ಗಾಣದ ಲೀಖಾಸ್ ಅಂತೂ ಇದನ್ನೇ ಕಾಯುತ್ತಿದ್ದ. ತನ್ನ ಹೆಸರಿನ ಕಂಬಕ್ಕೆ ಒಂದರ ಮೇಲೊಂದು ಪೇರಿಸುವ ಕಲ್ಲಿನ ಗಾಲಿಗಳನ್ನು ತರಿಸಿ ಆಗಲೇ ಅಂಗಳದಲ್ಲಿ ಉರುಳಿಸಿಟ್ಟಿದ್ದ. ಮರ ಕೆಟ್ಟಿದ್ದರೆ ಕಿತ್ತುಬಿಡುವುದು ಎಂದು ತೀರ್ಮಾನವಾಗಿ, ಪರೀಕ್ಷೆಗೆ ಟೆಲ್ಲಿಸ್ ಎಂಬ ಕಲ್ಲುಕುಟಿಗನನ್ನು ಕಳಿಸಿದರು.

ಕಂಬ ಒಳಗೆ ಟೊಳ್ಳಾಗಿರುವುದು ದಮರೇತಳಿಗೆ ಗೊತ್ತಿತ್ತು. ಬಿರುಕುಗಳಿಗೆ ಜೇನುಮೇಣ, ರಾಳ ತುಂಬಿ, ಮೇಲೆ ಗಸಿ ಬಳಿದು ಎಷ್ಟೋ ಕಾಲದಿಂದ ಮುಚ್ಚಿಟ್ಟುಕೊಂಡು ಬಂದಿದ್ದಳು. ಇದೂ ಹೋದರೆ ತನಗೆ ಮಾತಾಡಲು ಒಂದು ಜೀವವಿಲ್ಲ.

ಟೆಲ್ಲಿಸ್ ಸುತ್ತಿಗೆಯ ಹಿಡಿಯಿಂದ ಕಂಬವನ್ನು ತಟ್ಟಿದ. ಖಾಲಿ ಕೊಡದ ಸದ್ದು ಬಂತು.

"ಏನವ್ವ, ಮೇಣಾನೇ ಜಾಸ್ತಿ ಇದೆ, ಮರಕ್ಕಿಂತ" ಎಂದ.

"ನಿನ್ನ ಕಣ್ಣು ಹಿಂಗೋಗ. ತಟ್ಟೋದು ಮೆಲ್ಲಗೆ ತಟ್ಟು."

ಅವನು ನಕ್ಕು ಏಣಿ ಹತ್ತಿದ. ಕಂಬದ ತಲೆಯ ಮೇಲೆ ಬೆರಳು ತೂರಿಸಿ ನೋಡಿದ. ಇಳಿದು ಬಂದು ಕೈಯ ಧೂಳು ಕೊಡವಿಕೊಂಡು, "ಕೀಳೋದು ಬೇಡ ಬಿಡವ್ವ" ಎಂದ. "ಸಿಂಹದ ತಲೆ ಬಿದ್ದಿದ್ದು ಹೆಂಚಿನ ದೋಷ. ನಿನ್ನ ಕಂಬ ಏನನ್ನೂ ಹೊತ್ತಿಲ್ಲ."

"ಅಂದ್ರೆ?"

"ಬುಡ ಸವೆದು ಕೆಳಗೆ ಕೂತಿದೆ. ತಲೆಗೂ ತೊಲೆಗೂ ಮಧ್ಯೆ ಬೆರಳು ಹೋಗುತ್ತೆ, ಕೆಳಗಿಂದ ಕಾಣಲ್ಲ. ಯಾವ ಕಾಲದಿಂದ ಹಂಗಿದೆಯೋ. ಅಕ್ಕಪಕ್ಕದ ಕಲ್ಲುಗಳೇ ಭಾರ ಹೊರ್ತಾ ಇವೆ. ಇದು ಸುಮ್ನೆ ನಿಂತಿದೆ ಅಷ್ಟೆ, ಇದ್ರೂ ಒಂದೇ ಹೋದ್ರೂ ಒಂದೇ. ಅಪಾಯ ಇಲ್ಲ ಅಂತ ಹಿರೀಕರಿಗೆ ಹೇಳ್ತೀನಿ."

ಕಂಬ ಉಳಿಯಿತು. ಅವಳು ಕುಣಿಯಬೇಕಿತ್ತು. ಆದರೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತನ್ನ ಮನೆಯವರು ದೇವಿಯ ಸೂರನ್ನು ಹೊತ್ತಿದ್ದಾರೆ, ಆ ಹೊತ್ತವನ ಮೈಯನ್ನು ತಾನು ನೀವುತ್ತಿದ್ದೇನೆ ಎಂಬ ಒಂದೇ ನೆಚ್ಚಿಗೆಯಲ್ಲಿ ಅವಳು ಮುದುಕಿಯಾಗಿದ್ದಳು. ಇದ್ದರೂ ಒಂದೇ, ಹೋದರೂ ಒಂದೇ. ಆ ಮಾತನ್ನು ಅವನು ಕಂಬಕ್ಕೆ ಹೇಳಿದ್ದ, ತಾಗಿದ್ದು ಅವಳಿಗೆ.

ಟೆಲ್ಲಿಸ್‌ಗೆ ಪಾಪ ಎನಿಸಿತು. "ಬೇಜಾರು ಮಾಡ್ಕೋಬೇಡವ್ವ. ಪಟ್ಟಣದ ಹೊಸ ಗುಡೀಲಿ ನಾನು ಇಡೀ ಬೇಸಿಗೆ ಸೂರಿನಡಿ ಕಲ್ಲಲ್ಲೇ ಮರದ ಗೂಟದಂಗೆ ಕೆತ್ತಿದೀನಿ. ಹಿಂದೆ ಮರದ ಗುಡಿ ಇದ್ದಾಗ ಗೂಟ ತೊಲೆ ಹಿಡೀತಿತ್ತು. ಈಗಿನ ಕಲ್ಲುಗೂಟ ಏನನ್ನೂ ಹಿಡಿದಿಲ್ಲ, ನೋಡೋಕೆ ಮಾತ್ರ. ಆದ್ರೂ ಇರ್ಲಿ ಅಂತಾರೆ."

"ಆ ಸಂದಿಗೆ ಒಂದು ಬೆಣೆ ಹೊಡೆದ್ರೆ?"

ಅವನು ತಲೆ ಕೆರೆದುಕೊಂಡ. "ಹೊರುತ್ತೆ. ಆದ್ರೆ ಒಳಗೆ ಟೊಳ್ಳು. ಹಿಂಗೇ ಬಿಟ್ರೆ ನೀನು ಹೋದ್ಮೇಲೂ ನಿಂತಿರುತ್ತೆ. ಹೊರಿಸಿದ್ರೆ ಕೆಲವೇ ವರ್ಷ, ಆಮೇಲೆ ಸೀಳುತ್ತೆ. ಸೂರಿಗೇನೂ ಆಗಲ್ಲ, ಕಲ್ಲುಗಳು ಇವೆ. ಲೀಖಾಸನ ಕಂಬ ಬರುತ್ತೆ, ನಿಮ್ಮನೆ ಹೆಸರು ಹೋಗುತ್ತೆ. ಯೋಚ್ನೆ ಮಾಡು."

ಅವಳು ಎದ್ದು ಮನೆಗೆ ಹೋದಳು. ಅಳುತ್ತಾ ಹೋದಳೆಂದೇ ಟೆಲ್ಲಿಸ್ ಅಂದುಕೊಂಡ. ತಿರುಗಿ ಬಂದಾಗ ಅವಳ ಕೈಯಲ್ಲಿ ಮೋಲೋನನ ಪೀಠದ ಒಂದು ಕಾಲಿತ್ತು.

"ಒಳ್ಳೇ ಓಕು. ಇದನ್ನ ಚೂಪು ಮಾಡು" ಎಂದಳು.

"ಪೀಠ ಯಾಕೆ ಮುರಿದೆ?"

"ಯಾರೂ ಕೂರ್ತಿರ್ಲಿಲ್ಲ."

ಟೆಲ್ಲಿಸ್ ಆ ಪೀಠದ ಕಾಲನ್ನು ಬೆಣೆಯಾಗಿ ಸೀಳಿ ಏಣಿ ಹತ್ತಿದ. ದಮರೇತ ಕಂಬಕ್ಕೆ ಕೆನ್ನೆಯಾನಿಸಿ ನಿಂತಳು. ಸುತ್ತಿಗೆಯ ಏಟು ಬಿತ್ತು, ಇನ್ನೊಂದು ಬಿತ್ತು, ಬೆಣೆ ಒಳಗೆ ಹೋಯಿತು. ಕಂಬ ತಲೆಯಿಂದ ಬುಡದವರೆಗೆ ನರಳಿತು.

"ನೋವಾಯ್ತು ಅದಕ್ಕೆ" ಎಂದ ಅವನು ಮೇಲಿನಿಂದ.

"ನೋವಲ್ಲಪ್ಪ" ಎಂದಳು ದಮರೇತ, ಕೆನ್ನೆ ತೆಗೆಯದೆ. "ಇಷ್ಟು ದಿನ ಆದ್ಮೇಲೆ ಯಾರೋ ಹೆಗಲ ಮೇಲೆ ಕೈ ಇಟ್ರಲ್ಲ, ಅದಕ್ಕೆ."