ವೈನಿಯ ಪಾಲಿನ ರೊಟ್ಟಿ

ನಮ್ಮ ವೈನಿ ಸೋಯಾಬೀನ್ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡರು.

ನಗಬೇಡಿ. ಫೋನಿನಲ್ಲಿ ಸುದ್ದಿ ಕೇಳಿ ಮೊದಲು ನಾನೂ ನಕ್ಕೆ, ಆಮೇಲೆ ಪೇಚಾಡಿದೆ. ದೇವಿಕೊಪ್ಪದ ನನ್ನ ತವರುಮನೆಯ ಅಂಗಳದಲ್ಲಿ, ಹೊಲದಿಂದ ಬಂದ ಸೋಯಾವನ್ನು ತಾಡಪತ್ರಿಯ ಮೇಲೆ ಒಣಗಲು ಹರವಿದ್ದರು. ಅಣ್ಣನ ಹೆಂಡತಿ ಗಿರಿಜಾ ವೈನಿ ಅದರಲ್ಲಿ ಕೈಯಾಡಿಸಲು ಹೋದರು. ಗುಂಡನೆಯ ಕಾಳು, ಕಾಲಡಿ ಸಿಕ್ಕಿತು. ಬಿದ್ದರು, ಬೀಳುವಾಗ ಬಲಗೈ ಊರಿದರು. ಅಷ್ಟೇ! ಎಳೆ ಮಕ್ಕಳು ದಿನಕ್ಕೆ ಹತ್ತು ಸಲ ಹಾಗೆ ಬಿದ್ದು ಏಳುತ್ತವೆ. ಅಷ್ಟಕ್ಕೇ ಐವತ್ತೆರಡರ ಹೆಂಗಸಿನ ಮಣಿಕಟ್ಟು ಮುರಿಯಬೇಕೇ?

ಅಣ್ಣ, ನಾನು ಸೇರಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ನೋಡಿದ ಲೇಡಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಮುಟ್ಟು ನಿಂತು ಎಷ್ಟ ವರ್ಷ ಆತ್ರಿ?"

ಅಣ್ಣ ತಕ್ಷಣ ತಲೆಯೆತ್ತಿ ಫ್ಯಾನ್ ನೋಡತೊಡಗಿದ. (ಗಂಡಸರಿಗೆ ಇಂಥ ಹೊತ್ತಿನಲ್ಲಿ ಫ್ಯಾನ್ ಇಲ್ಲದಿದ್ದರೆ ಗತಿಯೇನು?) ವೈನಿ ಸೆರಗು ಸರಿ ಮಾಡಿಕೊಂಡು, ಎರಡು ಬೆರಳು ತೋರಿಸಿದರು. ಕೈ ಮುರಿದದ್ದಕ್ಕೂ ಅದಕ್ಕೂ ಏನು ಸಂಬಂಧ?

ಇದೆಯಂತೆ. ಮುಟ್ಟು ನಿಂತ ಮೇಲೆ ಹೆಂಗಸರ ಮೈಯಲ್ಲಿ ಎಲುಬು ಕಾಯುವ ಹಾರ್ಮೋನು ಇಳಿಯುತ್ತದೆ. ಎಲುಬು ಒಳಗೊಳಗೇ ಟೊಳ್ಳಾಗತೊಡಗುತ್ತದೆ. ನೋವಿಲ್ಲ, ಸದ್ದಿಲ್ಲ. ಬಹಳ ಮಂದಿಗೆ ಮುರಿದ ದಿನವೇ ಗೊತ್ತಾಗುವುದು.

"ಹಾಲು ಕುಡೀತೀರಿಲ್ರಿ?"

ಉತ್ತರ ಕೊಟ್ಟವನು ಅಣ್ಣ. "ಮನ್ಯಾಗ ಎರಡ ಎಮ್ಮಿ ಅದಾವ್ರಿ. ಹೈನಕ್ಕೇನ ಕಡಿಮಿ ಇಲ್ರಿ."

"ನಿಮ್ಮನ್ನ ಕೇಳಿಲ್ರಿ. ಅವರನ್ನ ಕೇಳೀನಿ."

ವೈನಿ ಮೆಲ್ಲಗೆ ಹೇಳಿದರು, "ದಿನಾ ಎರಡ ಹೊತ್ತು ಕಾಸ್ತೀನ್ರಿ."

ಡಾಕ್ಟರ ಪೆನ್ನು ನಿಂತಿತು. ಕಾಸುವುದು ಸರಿ, ಕುಡಿಯುವುದು? "ನನಗ ಕರಿ ಚಹಾ ಸಾಕ್ರಿ" ಎಂದರು ವೈನಿ. ಎಮ್ಮೆ ಹಿಂಡುವವರು ಅವರು, ಹಾಲು ಕಾಸುವವರು ಅವರು, ಹೆಪ್ಪು ಹಾಕುವವರೂ ಅವರೇ. ತಮಗೆ ಮಾತ್ರ ಕರಿ ಚಹಾ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೂ ಆ ಮನೆಗೆ ಎಷ್ಟು ಸಲ ಹೋಗಿದ್ದೇನೋ, ವೈನಿಯ ಚಹಾದ ಕಪ್ಪಿನೊಳಗಿನ ಬಣ್ಣ ನಾನು ನೋಡಿಯೇ ಇರಲಿಲ್ಲ.

"ಈ ಸಲ ಮಣಿಕಟ್ಟು. ಹಿಂಗ ಬಿಟ್ರ ಮುಂದಿನ ಸಲ ಟೊಂಕ. ಟೊಂಕ ಮುರದ್ರ ಹಾಸಿಗಿ ಹಿಡೀತೀರಿ ನೋಡ್ರಿ" ಎಂದರು ಡಾಕ್ಟರು. ಗುಳಿಗೆ ಬರೆದರು. ಬಿಸಿಲಲ್ಲಿ ನಡೆಯಿರಿ, ಹಾಲು ಮಜ್ಜಿಗೆ ಕುಡಿಯಿರಿ, ಎಳ್ಳು, ಸೊಪ್ಪು, ಕಾಳು ತಿನ್ನಿ ಎಂದರು. "ಸೋಯಾನೂ ತಿನ್ರಿ, ಚಲೋ. ಹಂಗಂತ ಅದು ಔಷಧ ಅಲ್ಲ, ಊಟ. ಅದನ್ನ ನಂಬಿ ಗುಳಿಗಿ ಬಿಡಬ್ಯಾಡ್ರಿ ಮತ್ತ."

ಅಷ್ಟು ನೋವಿನಲ್ಲೂ ವೈನಿಗೆ ನಗು ಬಂತು. "ಅದರ ಮ್ಯಾಲೆ ಬಿದ್ದs ಬಂದೀನ್ರಿ."

ನಮ್ಮ ಕಡೆಯ ತಮಾಷೆಯೇ ಇದು. ಊರಿಗೆ ಊರೇ ಸೋಯಾ ಬೆಳೆಯುತ್ತದೆ, ಮನೆಯಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲ. ಹೊಲದಿಂದ ಅಂಗಳಕ್ಕೆ, ಅಂಗಳದಿಂದ ಚೀಲಕ್ಕೆ, ಚೀಲದಿಂದ ಟ್ರ್ಯಾಕ್ಟರಿಗೆ. "ಅದು ಎಣ್ಣಿ ಮಿಲ್ಲಿಗೆ ಹೋಗೂ ಮಾಲು" ಎಂಬುದು ಅಣ್ಣನ ನಂಬಿಕೆ. ನಾನೇನು ಕಡಿಮೆ? ಮುಂದಿನ ವಾರ ಹುಬ್ಬಳ್ಳಿಯ ಮಾಲ್‌ನಿಂದ ಸೋಯಾ ಪೌಡರಿನ ಚಂದದ ಡಬ್ಬಿಯೊಂದನ್ನು ತವರಿಗೆ ಒಯ್ದೆ. ವೈನಿ ಅದನ್ನು ಪಡಸಾಲೆಯಲ್ಲಿ ಪೇರಿಸಿದ್ದ ಸೋಯಾ ಚೀಲಗಳ ಮೇಲೆಯೇ ಇಟ್ಟರು. ನನ್ನ ಮುಖ ನೋಡಬೇಕಿತ್ತು ನೀವು.

ಪ್ಲಾಸ್ಟರ್ ಬಿಚ್ಚಿ ಕೆಲವು ದಿನಗಳಾದ ಮೇಲೆ ವೈನಿಯ ಫೋನ್ ಬಂತು. "ಸುಮಾ, ಸೋಯಾ ಹುರದು ಜ್ವಾಳದ ಜೋಡಿ ಗಿರಣಿಗೆ ಹಾಕಿಸೀನಿ. ಐತವಾರ ರೊಟ್ಟಿ ಮಾಡ್ತೀನಿ, ಬಾರವಾ."

ಭಾನುವಾರ ಮಧ್ಯಾಹ್ನ ಹೋದೆ. ಬಲಗೈ ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ಎಡಗೈಯಿಂದಲೇ ರೊಟ್ಟಿ ಬಡಿಯುತ್ತಿದ್ದರು. ನಾನು ಮಾಡುತ್ತೇನೆಂದರೆ ಕೇಳಲಿಲ್ಲ. (ನನ್ನ ರೊಟ್ಟಿ ಅವರಿಗೆ ಗೊತ್ತು.) ಅಂಚು ಹರಿದ ಆರು ರೊಟ್ಟಿ ಆಗುವಷ್ಟರಲ್ಲಿ ಹಣೆಯ ಮೇಲೆ ಬೆವರು. ಅಣ್ಣನಿಗೂ ನನಗೂ ಪಡಸಾಲೆಯಲ್ಲಿ ತಾಟು ಹಾಕಿದರು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಬದಿಗೆ ಗುರೆಳ್ಳು ಚಟ್ನಿ. ಎಣ್ಣೆ ಮಿಲ್ಲಿನ ಮಾಲು ಎನ್ನುತ್ತಿದ್ದ ಅಣ್ಣ ಮೂರು ಹೊಡೆದ. ನಾನೂ ಮೂರು. ಒಳಗಿನಿಂದ "ಇನ್ನೊಂದ ಹಾಕ್ಲೇನು?" ಎಂದು ಕೇಳಿದಾಗ ಬೇಡ ಎಂದೆ, ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಕೈ ತೊಳೆಯಲು ಅಡುಗೆಮನೆ ದಾಟಿ ಹೋಗಬೇಕು. ವೈನಿ ಬಾಗಿಲಿಗೆ ಬೆನ್ನು ಮಾಡಿ ಉಣ್ಣುತ್ತಿದ್ದರು. ತಾಟಿನಲ್ಲಿ ನಿನ್ನೆಯ ಅನ್ನ, ಸಾರು. ರೊಟ್ಟಿಯ ಬುಟ್ಟಿ ಖಾಲಿ.

"ವೈನಿ, ನಿಮ್ಮ ರೊಟ್ಟಿ ಎಲ್ರಿ?"

"ನಿಮಗ ರುಚಿ ಹತ್ತೇತಲ್ಲ, ಅಷ್ಟs ಸಾಕವಾ. ನಾಳೆ ಮಾಡಕೊಂತೀನಿ ತಗೋ."

ಇನ್ನೊಂದು ಹಾಕಲೇನು ಎಂದು ಕೇಳಿದ್ದು ಇಲ್ಲದ ರೊಟ್ಟಿಯನ್ನು! ನಾನು ಹೂಂ ಎಂದಿದ್ದರೆ ಆ ನೋಯುವ ಕೈಯಲ್ಲಿ ಮತ್ತೆ ಹಿಟ್ಟು ನಾದುತ್ತಿದ್ದರು. ಅವರ ಎಲುಬಿಗೆಂದು ಆದ ರೊಟ್ಟಿ ನಮ್ಮಿಬ್ಬರ ಹೊಟ್ಟೆಯಲ್ಲಿತ್ತು. ಹೆಂಗಸರ ಆರೋಗ್ಯದ ಬಗ್ಗೆ ಪತ್ರಿಕೆಯ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ! ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು. ನನಗೂ ಐವತ್ತು. ನನ್ನ ಗುಳಿಗೆಯ ಡಬ್ಬಿ ಬ್ಯಾಗಿನಲ್ಲೇ ಇರುತ್ತದೆ, ಒಂದು ದಿನವೂ ಮರೆಯುವುದಿಲ್ಲ.

ಹಿಂದೆ ಅಣ್ಣ ಬಂದು ನಿಂತಿದ್ದ. ತಾಟು ನೋಡಿದ, ಬುಟ್ಟಿ ನೋಡಿದ. ಒಲೆಯ ಬಾಜು ಹೋಗಿ ಹಾಲಿನ ಬೋಗುಣಿಯ ಮುಚ್ಚಳ ತೆಗೆದ. ಆಮೇಲೆ ಅತ್ತಿತ್ತ ನೋಡಿ ಕೇಳಿದ, "ಲೋಟಾ ಎಲ್ಲಿ ಇಡ್ತೀ ನೀ?"

ಮದುವೆಯಾಗಿ ಮೂವತ್ತು ವರ್ಷ. ಲೋಟ ಎಲ್ಲಿರುತ್ತದೆಂದು ಗೊತ್ತಿಲ್ಲದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವೈನಿ ತೋರಿಸಿದ ಕಡೆಯಿಂದ ಲೋಟ ತೆಗೆದು, ಬೋಗುಣಿ ಎತ್ತಿ ಬಗ್ಗಿಸಿದ. ಅರ್ಧ ಹಾಲು ನೆಲಕ್ಕೆ ಚೆಲ್ಲಿ, ಅರ್ಧ ಲೋಟಕ್ಕೆ ಬಿತ್ತು. "ಕುಡಿ" ಎಂದ.

"ಅಯ್ಯ, ನಿಮ್ಮ ಮುಂದ ಕುಂತು ಕುಡಿಲ್ಯಾ? ಆಮ್ಯಾಲೆ ಕುಡೀತೀನಿ, ಇಡ್ರಿ."

"ಈಗs ಕುಡಿ. ನಾ ನೋಡ್ಬೇಕು."

ವೈನಿ ಹೊಸ ಮದುವಣಗಿತ್ತಿಯ ಹಾಗೆ ಮುಖ ತಿರುಗಿಸಿ ಕುಡಿದರು. ಅರ್ಧ ಕುಡಿದು, ಅಭ್ಯಾಸಬಲದಿಂದ, ಉಳಿದದ್ದನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಲೋಟ ಖಾಲಿಯಾಗುವವರೆಗೆ ಅಣ್ಣ, ತಂಗಿ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ನಿಮ್ಮ ಮನೆಯಲ್ಲಿ ಹಾಲು ಕಾಸುವವರು ಹಾಲು ಕುಡಿದದ್ದನ್ನು ನೀವು ಕಡೆಯ ಸಲ ನೋಡಿದ್ದು ಯಾವಾಗ?